ಕೊಸರಿಲ್ಲದ ಅಳತೆ

ಅಡುಗೆಮನೆಯ ಬಾಗಿಲ ಹಿಂಬದಿಗೆ ಉಮಾಮಹೇಶ್ವರಿ ಆ ಹಾಳೆಯನ್ನು ಅಂಟಿಸಿದ್ದು ಜನವರಿ ಒಂದನೆಯ ತಾರೀಖಿನ ಬೆಳಗ್ಗೆ, ಹಾಲು ಉಕ್ಕುವುದಕ್ಕೂ ಮುಂಚೆ. ಹಾಳೆ ದಪ್ಪನೆಯದು, ಗಂಡ ಗೌರೀಶಂಕರ ತಾನು ಕರಡು ತಿದ್ದುವ ಮುದ್ರಣಾಲಯದಿಂದ ತಂದುಕೊಟ್ಟಿದ್ದು. ಅಡ್ಡಗೆರೆ, ಉದ್ದಗೆರೆಗಳನ್ನು ಅವಳು ಕಾಲೇಜಿನ ಪ್ರಯೋಗದ ಪುಸ್ತಕದಲ್ಲಿ ಎಳೆಯುತ್ತಿದ್ದಷ್ಟೇ ಕಟ್ಟುನಿಟ್ಟಾಗಿ ಎಳೆದಿದ್ದಳು. ಮೇಲೆ ಮೂರು ತಲೆಬರಹ: ಅಡುಗೆ, ಸಂಸಾರ, ಸ್ವಂತ. ಒಂದೊಂದರ ಕೆಳಗೂ ಆ ತಿಂಗಳ ಒಂದೊಂದು ಗುರಿ. ಅದರ ಕೆಳಗೆ ಮೂವತ್ತೊಂದು ಪುಟ್ಟ ಚೌಕಗಳು. ಪಕ್ಕದಲ್ಲಿ ದಾರಕ್ಕೆ ಕಟ್ಟಿದ, ಒಂದು ತುದಿ ನೀಲಿ, ಇನ್ನೊಂದು ತುದಿ ಕೆಂಪಾದ ಪೆನ್ಸಿಲು. ಗುರಿ ಮುಟ್ಟಿದ ದಿನಕ್ಕೆ ನೀಲಿ ಗುರುತು, ತಪ್ಪಿದ ದಿನಕ್ಕೆ ಕೆಂಪು.

"ಇದೇನೇ ಇದು, ಬಾಗಿಲಿಗೂ ಪರೀಕ್ಷೆನಾ?" ಎಂದರು ಅತ್ತೆ ಬಸವಲಿಂಗಮ್ಮ, ಕಾಫಿಯ ಲೋಟ ಕೈಲಿ ಹಿಡಿದು.

"ಬಾಗಿಲಿಗಲ್ಲ ಅತ್ತೆ, ನನಗೆ."

ನಿಜಕ್ಕೂ ಅದು ಪರೀಕ್ಷೆಯೇ. ಬಸವನಗುಡಿಯ ಹೆಣ್ಣುಮಕ್ಕಳ ಹೈಸ್ಕೂಲೊಂದಕ್ಕೆ ಜೂನ್ ತಿಂಗಳಿನಿಂದ ವಿಜ್ಞಾನದ ಮೇಡಂ ಬೇಕಾಗಿದ್ದರು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಜಯನಗರದ ಈ ಮನೆಗೆ ಬಂದು ಎಂಟು ತಿಂಗಳಾಗಿದ್ದ ಉಮಾಗೆ ಆ ಕೆಲಸದ ಮೇಲೆ ಪ್ರಾಣವಿತ್ತು. ಏಪ್ರಿಲ್ ಹದಿನೈದರೊಳಗೆ ಅರ್ಜಿ ಸೇರಬೇಕು. ಗಂಡನ ಅಡ್ಡಿಯಿರಲಿಲ್ಲ. ಮನೆಯಲ್ಲಿ ಕೊನೆಯ ಮಾತು ಮಾತ್ರ ಮಾವ ಶಂಭುಲಿಂಗಪ್ಪನವರದು. ಮೂವತ್ತೈದು ವರ್ಷ ಕುಣಿಗಲ್ಲಿನಲ್ಲಿ ದಿನಸಿ ಅಂಗಡಿ ನಡೆಸಿ, ಸೇರು ಹೋಗಿ ಕಿಲೋ ಬಂದ ವರ್ಷವೇ ಬಾಗಿಲು ಹಾಕಿ, ಮಗನ ಮನೆಗೆ ಬಂದಿದ್ದ ಮನುಷ್ಯ ಅವರು. ಮಾತನ್ನೂ ತೂಗಿಯೇ ಆಡುತ್ತಿದ್ದರು.

"ಕೆಲ್ಸಕ್ಕೆ ಹೋಗ್ಬೇಡ ಅಂತ ನಾನು ಹೇಳಲ್ಲ ಕಣಮ್ಮ" ಎಂದಿದ್ದರು ಡಿಸೆಂಬರಿನಲ್ಲಿ. "ಆದ್ರೆ ಹೊಸಿಲು ದಾಟೋಕೆ ಮುಂಚೆ ಮನೆ ಒಂದು ಹದಕ್ಕೆ ಬಂದಿರ್ಬೇಕು. ಮೂರು ತಿಂಗಳು ನಡೆಸಿ ತೋರ್ಸು. ಯಾರ ಊಟ ಉಪಚಾರಕ್ಕೂ ಕುಂದು ಬರಬಾರ್ದು, ನಿನ್ನ ಆರೋಗ್ಯಕ್ಕೂ ಬರಬಾರ್ದು. ಏಪ್ರಿಲ್ ಒಂದನೇ ತಾರೀಕು ಹೂಂ, ಉಹೂಂ ಎರಡರಲ್ಲಿ ಒಂದು ಹೇಳ್ತೀನಿ."

ಉಮಾ ಅದನ್ನು ಬೆದರಿಕೆಯೆಂದು ತಿಳಿಯಲಿಲ್ಲ. ಗೊತ್ತಾದ ಷರತ್ತು, ಗೊತ್ತಾದ ಅವಧಿ. ಇವೆರಡಿದ್ದರೆ ಅವಳಿಗೆ ಅರ್ಧ ಕೆಲಸ ಮುಗಿದಂತೆಯೇ.

ಡಿಸೆಂಬರಿನ ಕೊನೆಯ ವಾರವೆಲ್ಲ ಅವಳು ಮನೆಯ ಊಟವನ್ನು ಗಮನಿಸಿದಳು. ಯಾರು ಎಷ್ಟು ಮುದ್ದೆ ಉಣ್ಣುತ್ತಾರೆ, ಎಷ್ಟು ಸೌಟು ಸಾರು, ಎಷ್ಟು ಹಿಡಿ ಅನ್ನ, ಎಲ್ಲವನ್ನೂ ಬರೆದಿಟ್ಟಳು. ಪ್ರತಿ ಹೊತ್ತಿಗೂ ಒಂದೂವರೆ ಮುದ್ದೆ ಮತ್ತು ಎರಡು ಸೌಟು ಸಾರು ಹೆಚ್ಚಾಗಿ ಉಳಿಯುತ್ತಿತ್ತು. ಅದು ಅವಳ ಕಣ್ಣಿಗೆ ದಂಡವೆಂದು ಕಂಡಿತು. ಹಾಗಾಗಿ ಜನವರಿಯ ಅಡುಗೆಯ ಗುರಿ: ತಂಗಳು ಉಳಿಯಬಾರದು. ಸಂಸಾರದ ಗುರಿ: ರಾತ್ರಿಯ ಊಟಕ್ಕೆ ನಾಲ್ವರೂ ಒಟ್ಟಿಗೆ ಕೂರಬೇಕು. ಸ್ವಂತದ ಗುರಿ: ಮಧ್ಯಾಹ್ನ ಅರ್ಧ ಗಂಟೆ ಓದು.

ಗೌರೀಶಂಕರ ಹಾಳೆಯನ್ನು ಓದಿ, ಜೇಬಿನಿಂದ ಪೆನ್ಸಿಲು ತೆಗೆದು, ಒಂದು ಅಲ್ಪವಿರಾಮ ಸೇರಿಸಿ, "ಈಗ ಅಚ್ಚಿಗೆ ಹೋಗ್ಬಹುದು" ಎಂದು ನಕ್ಕ.

ಮಾವನಿಗೆ ತಂಗಳಿನ ಗುರಿ ತುಂಬಾ ಹಿಡಿಸಿತು. ತಟ್ಟೆಯಲ್ಲಿ ಅಗುಳನ್ನೂ ಬಿಡದೆ, ನೀರು ಹಾಕಿ ತೊಳೆದು ಕುಡಿಯುವವರು ಅವರು. ಅನ್ನ ಪ್ರಸಾದ, ಪ್ರಸಾದ ಮಿಕ್ಕಬಾರದು. "ಸರಿಯಾಗಿ ಹೇಳಿದೆ" ಎಂದು ತಲೆದೂಗಿದರು. ಬಸವಲಿಂಗಮ್ಮ ಮಾತ್ರ ಹಾಳೆಯನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿ, "ಅಕ್ಷರ ದುಂಡಾಗಿದೆ" ಎಂದು ಒಳಗೆ ಹೋದರು.

ಇನ್ನೊಂದು ಏರ್ಪಾಟೂ ಇತ್ತು. ಆರೋಗ್ಯಕ್ಕೆ ಕುಂದು ಬಂದಿಲ್ಲವೆಂದು ಬಾಯಿಮಾತಿನಲ್ಲಿ ಹೇಳಿದರೆ ಯಾರು ಒಪ್ಪುತ್ತಾರೆ? ಅದಕ್ಕೆಂದೇ ಪ್ರತಿ ತಿಂಗಳ ಒಂದನೆಯ ತಾರೀಖು ನಾಲ್ವರೂ ತೂಕ ನೋಡಿಕೊಳ್ಳುವುದೆಂದು ಉಮಾ ಗೊತ್ತುಮಾಡಿದಳು. ಮನೆಯ ಹಿಂದಿನ ರಸ್ತೆಯಲ್ಲಿ ತಿಮ್ಮರಾಯಪ್ಪನ ಸೌದೆ ಡಿಪೋ. ಬಡಾವಣೆಯಾಗುವ ಮೊದಲು ಅಲ್ಲೇ ರಾಗಿ ಬೆಳೆಯುತ್ತಿದ್ದ ತಿಮ್ಮರಾಯಪ್ಪ ಈಗ ಸೌದೆ ಮಾರುತ್ತಿದ್ದ. ಆಳು ನಿಲ್ಲುವಷ್ಟು ಅಗಲದ, ಹಲಗೆಯಂಥ ಕಿಲೋ ತಕ್ಕಡಿಯನ್ನು ಹೊಸದಾಗಿ ತರಿಸಿದ್ದ. ಅದರ ಮೇಲೆ ನಿಂತು ತೂಕ ನೋಡಿಕೊಳ್ಳುವುದು ಆ ಬೀದಿಯ ಮಕ್ಕಳಿಗೆಲ್ಲ ಒಂದು ಆಟ.

"ಬನ್ನಿ ಸ್ವಾಮಿ, ಬನ್ನಿ. ಸೌದೆ ಮುಂಚೆನೋ ನೀವು ಮುಂಚೆನೋ?" ಎಂದ ತಿಮ್ಮರಾಯಪ್ಪ, ಮೊದಲ ದಿನ.

"ನಮ್ಮನ್ನು ಕಿಲೋದಲ್ಲಿ ತೂಗ್ಬೇಡಪ್ಪ, ಮಣದಲ್ಲಿ ಹೇಳು, ಅರ್ಥ ಆಗುತ್ತೆ" ಎಂದರು ಶಂಭುಲಿಂಗಪ್ಪ.

"ಮಣ ಎಲ್ಲೈತೆ ಬುದ್ಧಿ, ಸರ್ಕಾರದೋರು ತಕ್ಕೊಂಡೋದ್ರು!"

ಅಂದು ಬಸವಲಿಂಗಮ್ಮನವರು ಐವತ್ತೊಂದು ಕಿಲೋ ಬಂದರು. ಉಮಾ ಹಾಳೆಯ ತಳದಲ್ಲಿ ನಾಲ್ಕು ಹೆಸರು, ನಾಲ್ಕು ಅಂಕಿ ಬರೆದಳು.

ಜನವರಿಯ ಚೌಕಗಳು ಒಂದೊಂದಾಗಿ ನೀಲಿಯಾದವು. ಉಮಾ ಗೆರೆ ಹಾಕಿದ ಗಾಜಿನ ಪಾತ್ರೆಯಲ್ಲಿ ನೀರು ಅಳೆದು, ಪಾವಿನಲ್ಲಿ ಹಿಟ್ಟು ಅಳೆದು ಮುದ್ದೆ ಕಟ್ಟುತ್ತಿದ್ದಳು. ರಾತ್ರಿ ನಾಲ್ವರೂ ಕೂತು ಉಂಡೆದ್ದರೆ ಪಾತ್ರೆಯ ತಳ ಬೆಳ್ಳಗೆ ಕಾಣುತ್ತಿತ್ತು. ಮಧ್ಯಾಹ್ನ ಮಾವನ ಲಿಂಗಪೂಜೆ ಮುಗಿದು ಊಟವಾದ ಕೂಡಲೇ ಬಸವಲಿಂಗಮ್ಮ ಸೊಸೆಗೆ ತಟ್ಟೆ ಹಾಕಿ ಕೂರಿಸುತ್ತಿದ್ದರು.

"ನೀವೂ ಕೂತ್ಕೊಳ್ಳಿ ಅತ್ತೆ."

"ನಾನು ಆಮೇಲೆ ಉಣ್ತೀನಿ. ನೀನು ಉಂಡು ಹೋಗಿ ಓದ್ಕೊ. ಆ ಚೌಕ ಖಾಲಿ ಬಿದ್ರೆ ನಿಮ್ಮ ಮಾವ ಕನ್ನಡಕ ಹಾಕ್ಕೊಂಡು ಹುಡುಕ್ತಾರೆ."

ಬೇರೆ ಮನೆಗಳಲ್ಲಿ ಸೊಸೆಯಾದವಳು ಎಲ್ಲರದೂ ಮುಗಿದ ಮೇಲೆ ಉಣ್ಣುವುದನ್ನು ಉಮಾ ಬಲ್ಲಳು. ಅವಳ ಅಕ್ಕನ ಪಾಡು ಅದೇ. ಇಲ್ಲಿ ಅತ್ತೆಯೇ ಬಡಿಸಿ, ಓದಿಗೆ ಕಳುಹಿಸುತ್ತಾರೆ. ಆ ಅರ್ಧ ಗಂಟೆಯಲ್ಲಿ ಪುಸ್ತಕ ಬಿಡಿಸಿಕೊಂಡು ಕೂತಾಗಲೆಲ್ಲ ಅವಳ ಮನಸ್ಸು ಮೊದಲು ಅತ್ತೆಗೆ ಕೈಮುಗಿದು, ಆಮೇಲೆ ಪುಟಕ್ಕೆ ಇಳಿಯುತ್ತಿತ್ತು. ಬಾಯಿಬಿಟ್ಟು ಅದನ್ನು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಫೆಬ್ರವರಿಯ ಹಾಳೆಯಲ್ಲಿ ಸಂಸಾರದ ಗುರಿಯಾಗಿ "ಭಾನುವಾರ ಅತ್ತೆಯನ್ನು ಲಾಲ್‌ಬಾಗಿಗೆ ಕರೆದೊಯ್ಯುವುದು" ಎಂದು ಬರೆದದ್ದೇ ಅವಳ ಕೃತಜ್ಞತೆಯ ರೀತಿ.

ಫೆಬ್ರವರಿ ಒಂದರಂದು ತಕ್ಕಡಿ ಬಸವಲಿಂಗಮ್ಮನವರನ್ನು ನಲವತ್ತೊಂಬತ್ತೂವರೆಗೆ ಇಳಿಸಿತು.

"ಅಮ್ಮಾವ್ರು ಯಾಕೋ ಇಳ್ದವ್ರೆ" ಎಂದ ತಿಮ್ಮರಾಯಪ್ಪ.

ಶಂಭುಲಿಂಗಪ್ಪ ಹುಬ್ಬೇರಿಸಿದರು. "ಏನಮ್ಮ ಉಮಾ, ಊಟ ಉಪಚಾರಕ್ಕೆ ಕುಂದಿಲ್ಲ ಅಂದೆ?"

"ನೆಗಡಿ ಆಗಿತ್ತಲ್ರೀ ನಂಗೆ, ಹದಿನೈದು ದಿನ!" ಎಂದು ಬಸವಲಿಂಗಮ್ಮ ಅವಸರವಾಗಿ ತಕ್ಕಡಿಯಿಂದ ಇಳಿದರು. ನೆಗಡಿಯಾಗಿದ್ದದ್ದು ಎರಡೇ ದಿನವೆಂದು ಉಮಾಗೆ ನೆನಪಿತ್ತು. ಆದರೂ ರಾತ್ರಿ ಅತ್ತೆ ಎಂದಿಗಿಂತ ಹೆಚ್ಚು ರುಚಿಯಾಗಿ ಉಣ್ಣುವುದನ್ನು ಅವಳು ದಿನವೂ ನೋಡುತ್ತಿದ್ದಳು, ಕಡಿಮೆಯಾಗುವುದು ಹೇಗೆ? ಅವರಿಗೆ ಮಲಗುವಾಗ ಅರ್ಧ ಲೋಟ ಹಾಲು ಗೊತ್ತುಮಾಡಿ ಸುಮ್ಮನಾದಳು. ಮಾರ್ಚ್ ಒಂದರಂದು ತೂಕ ಮತ್ತೆ ಐವತ್ತೊಂದಕ್ಕೆ ಬಂದಾಗ, ಹಾಲಿನ ಗುಣವೆಂದು ಸಂತೋಷಪಟ್ಟು ಬರೆದುಕೊಂಡಳು. ಮಾವನೂ "ಹ್ಞಾಂ, ಹಂಗಿರ್ಬೇಕು" ಎಂದರು.

ಯುಗಾದಿ ಕಳೆಯಿತು. ಒಬ್ಬಟ್ಟಿನ ಹೂರಣವನ್ನೂ ಉಮಾ ಎಣಿಸಿಯೇ ಉಂಡೆ ಕಟ್ಟಿದ್ದಳು. ಒಂದೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಮಾರ್ಚಿನ ಹಾಳೆ ತುದಿಯಿಂದ ತುದಿಗೆ ನೀಲಿಯಾಗಿ, ಬಾಗಿಲು ತೆರೆದಾಗಲೆಲ್ಲ ಮಿರುಗುತ್ತಿತ್ತು. ತುಂಬಿಸಿದ ಅರ್ಜಿ ಅವಳ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಕಾಯುತ್ತಿತ್ತು.

ಏಪ್ರಿಲ್ ಒಂದು. ಬೆಳಗಿನ ಏಳು ಗಂಟೆ. ಗೌರೀಶಂಕರ ತನ್ನ ತೂಕ ಮುಗಿಸಿ ಕೆಲಸಕ್ಕೆ ಹೊರಟುಹೋದ. ಮಾವನದಾಯಿತು, ಉಮಾಳದಾಯಿತು. ಬಸವಲಿಂಗಮ್ಮ ಬಹಳ ನಿಧಾನವಾಗಿ, ಒಂದು ಕೈಯಲ್ಲಿ ಸೆರಗಿನ ಕೆಳಗೆ ಹೊಟ್ಟೆಯನ್ನು ಹಿಡಿದುಕೊಂಡು ಹಲಗೆ ಹತ್ತಿದರು.

"ಹೊಟ್ಟೆನೋವಾ ಅತ್ತೆ?"

"ಏನಿಲ್ಲ, ಏನಿಲ್ಲ. ಬೇಗ ನೋಡಯ್ಯ ತಿಮ್ಮರಾಯಪ್ಪ."

ತಿಮ್ಮರಾಯಪ್ಪ ಅಂಕಿಯ ಪಟ್ಟಿಯ ಮೇಲೆ ಬಟ್ಟನ್ನು ಸರಿಸುತ್ತ, "ಐವತ್ತು... ಐವತ್ತರ ಮೇಲೆ..." ಎನ್ನುತ್ತಿದ್ದ. ಅಷ್ಟರಲ್ಲಿ ಸೌದೆಯ ರಾಶಿಯ ಮೇಲಿಂದ ಒಂದು ಬೆಕ್ಕು ಹಾರಿತು. ಬಸವಲಿಂಗಮ್ಮ ಬೆಚ್ಚಿ ಕೈ ಬಿಟ್ಟರು. ಠಣ್ ಎಂದು ಏನೋ ಹಲಗೆಯ ಮೇಲೆ ಬಿದ್ದು, ಉರುಳಿ, ಶಂಭುಲಿಂಗಪ್ಪನವರ ಚಪ್ಪಲಿಗೆ ತಾಗಿ ನಿಂತಿತು. ಹಿಂದೆಯೇ ಇನ್ನೊಂದು ಠಣ್.

ತೂಕದ ಎರಡು ಕಬ್ಬಿಣದ ಬಟ್ಟುಗಳು. ಒಂದೊಂದೂ ಎರಡು ಸೇರಿನವು, ಹೆಚ್ಚುಕಡಿಮೆ ಎರಡೆರಡು ಕಿಲೋ. ಕುಣಿಗಲ್ಲಿನ ಅಂಗಡಿಯಿಂದ ಬಂದು, ಮಂಚದ ಕೆಳಗಿನ ಗೋಣಿಚೀಲದಲ್ಲಿ ಮಲಗಿದ್ದವು.

ತಿಮ್ಮರಾಯಪ್ಪ ಮೊದಲು ಬಟ್ಟುಗಳನ್ನು ನೋಡಿದ, ಆಮೇಲೆ ಬಸವಲಿಂಗಮ್ಮನವರನ್ನು ನೋಡಿದ. "ಅಮ್ಮಾವ್ರೇ, ನನ್ ಡಿಪೋಲಿ ಸೌದೆಗೆ ನೀರು ಚಿಮುಕಿಸೋರನ್ನ ನೋಡಿವ್ನಿ. ಇದ ನೋಡಿರ್ಲಿಲ್ಲ."

"ಬಾಯ್ಮುಚ್ಚಯ್ಯ" ಎಂದರು ಬಸವಲಿಂಗಮ್ಮ, ಮುಖ ಕೆಂಪಾಗಿ.

ಶಂಭುಲಿಂಗಪ್ಪ ಬಗ್ಗಿ, ಒಂದು ಬಟ್ಟನ್ನು ಎತ್ತಿಕೊಂಡು, ಅಭ್ಯಾಸಬಲದಿಂದ ಅಂಗೈಯಲ್ಲಿ ತೂಗಿದರು. "ಇಳೀಬೇಡ. ಇನ್ನೊಂದು ಸಲ ನೋಡು ತಿಮ್ಮರಾಯಪ್ಪ."

ನಲವತ್ತೇಳು.

ಮೂವರೂ ಮನೆಯ ದಾರಿ ಹಿಡಿದರು. ಮಾರ್ಚಿನ ಐವತ್ತೊಂದು ಹೇಗೆ ಬಂತೆಂಬುದು ಉಮಾಗೆ ತಾನೇತಾನಾಗಿ ಬಿಡಿಸಿಕೊಂಡಿತು, ಒಂದು ಬಟ್ಟು. ಈ ಸಲ ಒಂದು ಸಾಲದೆ ಎರಡು. ಮೂರು ತಿಂಗಳಿಗೆ ನಾಲ್ಕು ಕಿಲೋ. ಆದರೆ ಏಕೆ? ಮನೆ ಸೇರಿ ಕೇಳಿದಾಗ ಬಸವಲಿಂಗಮ್ಮ, "ವಯಸ್ಸಾಯ್ತು, ಇಳೀತೀನಿ. ನಿನ್ನ ಹಾಳೆ ಕೆಡಬಾರ್ದು ಅಂತ ಹಂಗೆ ಮಾಡ್ದೆ. ಬಿಟ್ಟಾಕು" ಎಂದು ಹಿತ್ತಲಿಗೆ ನಡೆದರು. ಮಾವ ಬಟ್ಟುಗಳೆರಡನ್ನೂ ಜಗುಲಿಯ ಮೇಲಿಟ್ಟುಕೊಂಡು ಕೂತರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಮಧ್ಯಾಹ್ನ ಎಂದಿನಂತೆ ಅತ್ತೆ ಬಡಿಸಿದರು, ಉಮಾ ಉಂಡಳು, ಪುಸ್ತಕ ಹಿಡಿದು ಕೋಣೆಗೆ ಹೋದಳು. ಐದು ನಿಮಿಷ ಕಳೆದ ಮೇಲೆ ಬರಿಗಾಲಿನಲ್ಲಿ ಎದ್ದು ಬಂದು, ಅಡುಗೆಮನೆಯ ಬಾಗಿಲ ಬಳಿ ನಿಂತಳು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಆ ಅರ್ಧ ಗಂಟೆಯಲ್ಲಿ ಅವಳು ಅಲ್ಲಿದ್ದಳು.

ಹಿತ್ತಲ ಮೆಟ್ಟಿಲ ಮೇಲೆ ಮುನಿವೆಂಕಟಮ್ಮ ಕೂತಿದ್ದಳು. ಪಕ್ಕದಲ್ಲಿ ಏಳುತ್ತಿದ್ದ ಮನೆಗೆ ಇಟ್ಟಿಗೆ ಹೊರುವ ಹೆಂಗಸು, ತುಂಬಿದ ಬಸುರಿ. ತಲೆಯ ಮೇಲಿನ ಸಿಂಬೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಸವಲಿಂಗಮ್ಮ ಪಾತ್ರೆಯಲ್ಲಿದ್ದ ಕೊನೆಯ ಮುದ್ದೆಯನ್ನು, ತಮ್ಮ ಪಾಲಿನ ಮುದ್ದೆಯನ್ನು, ಅವಳ ತಟ್ಟೆಗೆ ಹಾಕಿ ಸಾರು ಬಗ್ಗಿಸಿದರು.

"ನಿಂದಾಯ್ತಾ ಅವ್ವಾ?" ಎಂದಳು ಮುನಿವೆಂಕಟಮ್ಮ.

"ಆಗ್ಲೇ ಆಯ್ತು. ನೀನು ಉಣ್ಣು, ಎರಡು ಜೀವ."

ಉಮಾಗೆ ನಿಂತಲ್ಲೇ ಎಲ್ಲವೂ ಹೊಳೆಯಿತು. ಡಿಸೆಂಬರಿನಲ್ಲಿ ಅವಳು ದಂಡವೆಂದು ಬರೆದುಕೊಂಡ ಮುದ್ದೆ ಈ ಮೆಟ್ಟಿಲಿಗೆ ಬರುತ್ತಿದ್ದದ್ದು. ರಾತ್ರಿ ಉಳಿದ ತಂಗಳು ಮುದ್ದೆಗೆ ಮಜ್ಜಿಗೆ ಕಿವುಚಿಕೊಂಡು, ಗಂಡಸರ ಉಪ್ಪಿಟ್ಟೆಲ್ಲ ಮುಗಿದ ಮೇಲೆ, ಬೆಳಗ್ಗೆ ಹತ್ತು ಗಂಟೆಗೆ ಅತ್ತೆ ಕುಡಿಯುತ್ತಿದ್ದದ್ದು. ಅವಳು ಉಳಿದದ್ದನ್ನು ಅಳೆದಿದ್ದಳು. ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ನೋಡಿರಲಿಲ್ಲ. ಮೂರು ತಿಂಗಳಿಂದ ಅತ್ತೆಯ ಬೆಳಗಿನದೂ ಇಲ್ಲ, ಮಧ್ಯಾಹ್ನದ್ದೂ ಇಲ್ಲ. ಅದಕ್ಕೇ ರಾತ್ರಿ ಅಷ್ಟು ರುಚಿಯಾಗಿ ಉಣ್ಣುತ್ತಿದ್ದದ್ದು. ಪ್ರತಿಯೊಂದು ನೀಲಿ ಚೌಕಕ್ಕೂ ಒಂದು ಹಸಿದ ಹೊತ್ತು.

"ಅತ್ತೆ" ಎಂದಳು.

ಬಸವಲಿಂಗಮ್ಮ ತಿರುಗಿ ನೋಡಿ, ಕಳ್ಳತನ ಸಿಕ್ಕಿಬಿದ್ದವರ ಹಾಗೆ ಸೌಟನ್ನು ಹಿಂದಕ್ಕೆ ಹಿಡಿದರು. "ಓದೋ ಹೊತ್ತಲ್ಲಿ ಇಲ್ಲೇನೇ ನಿಂಗೆ?"

"ಒಂದು ಮಾತು ಹೇಳಿದ್ರೆ ಒಂದು ಪಾವು ಹಿಟ್ಟು ಜಾಸ್ತಿ ಹಾಕ್ತಿದ್ದೆನಲ್ಲ ಅತ್ತೆ!"

"ಹಾಕ್ತಿದ್ದೆ. ಆಮೇಲೆ ಒಂದು ದಿನ ಅವಳು ಬರ್ತಿರ್ಲಿಲ್ಲ, ಮುದ್ದೆ ಉಳೀತಿತ್ತು, ನೀನು ಕೆಂಪು ಹಾಕ್ತಿದ್ದೆ. ನಿನ್ನ ಬುದ್ಧಿ ನಂಗೊತ್ತಿಲ್ವಾ? ಉಳಿದ್ರೂ ನೀಲಿ ಹಾಕೋ ಪೈಕಿ ಅಲ್ಲ ನೀನು." ಬಸವಲಿಂಗಮ್ಮನವರ ದನಿ ತಗ್ಗಿತು. "ಎರಡು ಕೆಂಪು ಕಂಡ್ರೆ ನಿಮ್ಮ ಮಾವ ಉಹೂಂ ಅಂದ್ಬಿಡ್ತಾರೆ. ನಾನು ಎರಡನೇ ಕ್ಲಾಸಿಗೆ ಸ್ಲೇಟು ಇಟ್ಟೋಳು ಕಣೇ. ನಮ್ಮ ಮನೆಯಿಂದ ಒಬ್ಳು ಹುಡುಗೀರಿಗೆ ಪಾಠ ಹೇಳೋಕೆ ಹೋಗ್ತಾಳೆ ಅಂದ್ರೆ, ಮೂರು ತಿಂಗಳು ಒಂದು ಹೊತ್ತು ಉಂಡ್ರೆ ಸತ್ತೋಗ್ತೀನಾ?"

ಮುನಿವೆಂಕಟಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಅವ್ವಾ, ನಿನ್ ಪಾಲಾ ಇದು? ಈ ನೆಲದಲ್ಲಿ ನಮ್ಮಪ್ಪ ರಾಗಿ ಬೆಳೀವಾಗ ಹೊಲಕ್ಕೆ ಬಂದೋರಿಗೆಲ್ಲ ಇಕ್ಕಿ ಕಳಿಸ್ತಿದ್ದ. ಹಸ್ಕೊಂಡಿರೋರ ಕೈಯಿಂದ ನಾನು ಕಿತ್ಕೊಂಡ್ ತಿನ್ಲಾ?"

"ಉಣ್ಣಮ್ಮ, ನೀನು ಎದ್ರೆ ಇನ್ನೊಂದು ತಪ್ಪಾಗುತ್ತೆ" ಎಂಬ ದನಿ ಹಿಂದಿನಿಂದ ಬಂತು. ಶಂಭುಲಿಂಗಪ್ಪ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ಕೈಯಲ್ಲಿ ಆ ಬಟ್ಟು ಹಾಗೆಯೇ ಇತ್ತು.

ಉಮಾ ಕಣ್ಣೊರೆಸಿಕೊಂಡಳು. ಬಾಗಿಲ ಹಿಂದಿನ ಮೂರು ಹಾಳೆಗಳನ್ನೂ ಕೆಳಗಿಳಿಸಿ, ದಾರದಲ್ಲಿ ತೂಗುತ್ತಿದ್ದ ಪೆನ್ಸಿಲನ್ನು ಕೆಂಪು ಕಡೆಗೆ ತಿರುಗಿಸಿದಳು. "ಮಾವ, ಇದೆಲ್ಲ ತಪ್ಪು. ಜನವರಿಯಿಂದ್ಲೂ ತಪ್ಪು. ತಪ್ಪನ್ನು ತಪ್ಪು ಅಂತ ಬರೆದೇ ನಿಮಗೆ ತೋರಿಸ್ಬೇಕು. ನೀವು ಉಹೂಂ ಅಂದ್ರೂ ನನಗೆ ಬೇಜಾರಿಲ್ಲ."

ಬೇಜಾರಿಲ್ಲವೆಂಬುದು ಸುಳ್ಳು. ಟ್ರಂಕಿನ ಅರ್ಜಿ ಅವಳ ಕಣ್ಣಮುಂದೆ ಬಂದಿತ್ತು. ಆದರೂ ಮೊದಲ ಚೌಕಕ್ಕೆ ಅಡ್ಡಗೆರೆ ಎಳೆದಳು.

"ಅವಳ ಕೈ ಹಿಡೀರಿ, ಹುಚ್ಚಿ!" ಎಂದು ಬಸವಲಿಂಗಮ್ಮ ಕೂಗಿದರು.

ಶಂಭುಲಿಂಗಪ್ಪ ಹಾಳೆಗಳನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಮಣೆಯ ಮೇಲೆ ಕೂತರು.

"ಉಮಾ, ಅಂಗಡೀಲಿ ಒಂದು ಸೇರು ಅಕ್ಕಿ ಅಳೆದ್ಮೇಲೆ ಏನು ಮಾಡ್ತಿದ್ದೆ ಗೊತ್ತಾ? ಮೇಲೊಂದು ಹಿಡಿ ಹಾಕ್ತಿದ್ದೆ. ಕೊಸರು. ಅಳತೆ ಸರಿಯಾಗಿದ್ರೂ ಹಾಕ್ತಿದ್ದೆ. ಕೊಸರು ಹಾಕದೋನ ಅಂಗಡಿಗೆ ಯಾರು ಬರ್ತಾರೆ? ಮೂವತ್ತೈದು ವರ್ಷ ಊರಿಗೆಲ್ಲ ಹಾಕ್ದೆ." ಹೆಂಡತಿಯ ಕಡೆ ಬೆರಳು ತೋರಿಸಿದರು, ಕಣ್ಣು ಮಾತ್ರ ಬೇರೆ ಕಡೆಗಿತ್ತು. "ಇವಳು ಉಂಡ್ಳಾ ಅಂತ ಒಂದು ದಿನ ಕೇಳಿದ್ದು ಜ್ಞಾಪಕ ಇಲ್ಲ. ಕುಣಿಗಲ್ಲಲ್ಲೂ ಇವಳು ಉಳಿದದ್ದನ್ನೇ ಉಂಡಿರ್ಬೇಕು. ನೀನು ಈ ಹಾಳೆ ಬರೀದೆ ಹೋಗಿದ್ರೆ ಸಾಯೋವರ್ಗೂ ನಂಗೆ ಗೊತ್ತಾಗ್ತಿರ್ಲಿಲ್ಲ."

"ಅಯ್ಯೋ, ಈಗ ಅದೆಲ್ಲ ಯಾಕ್ರೀ" ಎಂದರು ಬಸವಲಿಂಗಮ್ಮ, ಸೌಟು ಎಲ್ಲಿಡುವುದೆಂದು ತಿಳಿಯದೆ.

"ನೀನು ಸುಮ್ನಿರು. ತೂಕದಲ್ಲಿ ಮೋಸ ಮಾಡಿದೋಳಿಗೆ ಮಾತಿಲ್ಲ. ಅದೂ ನನ್ನ ಬಟ್ಟಿನಲ್ಲೇ!" ಎಂದು ಅವರು ಗದರಿದರು, ಗದರಿಕೆಯ ಕೊನೆಗೆ ನಗು ಬಂದುಬಿಟ್ಟಿತು. "ಅರ್ಜಿ ಹಾಕು ಕಣಮ್ಮ. ನಾಳೆ ಬೇಡ, ಇವತ್ತೇ. ಮಧ್ಯಾಹ್ನದ ಊಟ ನಾನು ನೋಡ್ಕೋತೀನಿ. ಇವಳು ನನ್ನ ಎದುರಿಗೆ ಕೂತು ಉಣ್ಣಬೇಕು. ಇವಳಿಗೆ ನಾನೇ ಬಡಿಸ್ತೀನಿ."

"ನೀವು ಬಡಿಸಿದ್ರೆ ನಂಗೆ ಗಂಟಲಲ್ಲಿ ಇಳಿಯುತ್ತಾ?" ಎಂದರು ಬಸವಲಿಂಗಮ್ಮ.

"ಅಭ್ಯಾಸ ಆಗುತ್ತೆ" ಎಂದಳು ಮೆಟ್ಟಿಲ ಮೇಲಿಂದ ಮುನಿವೆಂಕಟಮ್ಮ, ಮತ್ತೆ ತಟ್ಟೆಗೆ ಕೈ ಹಾಕುತ್ತ.

ಉಮಾ ಒಲೆ ಊದಿ ಉರಿ ಮಾಡಿದಳು. ನೀರನ್ನು ಗಾಜಿನ ಪಾತ್ರೆಯಲ್ಲಿ ಅಳೆಯದೆ ಚೊಂಬಿನಿಂದ ಸುರಿದಳು. ಹಿಟ್ಟನ್ನು ಕೈಯಿಂದ ಹಾಕಿದಳು. ಮುದ್ದೆ ಸ್ವಲ್ಪ ಗಟ್ಟಿಯಾಯಿತು. ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ತಟ್ಟೆ ಇಟ್ಟು, ಎದುರಿಗೆ ಕೂತಳು. ಮಾವ ತಪ್ಪದೆ ಸೌಟು ಹಿಡಿದು, ಅರ್ಧ ಸಾರನ್ನು ನೆಲಕ್ಕೆ ಚೆಲ್ಲಿ, ಉಳಿದರ್ಧ ಬಡಿಸಿದರು. ಬಸವಲಿಂಗಮ್ಮ ಮೊದಲ ತುತ್ತು ಮುರಿದು, ನುಂಗಿ, ತಲೆ ತಗ್ಗಿಸಿಯೇ, "ಉಪ್ಪು ಸಾಲ್ದು" ಎಂದರು. ಎರಡು ಮುದ್ದೆ ಉಂಡರು.

ಉಮಾ ಹೇಳಬೇಕೆಂದಿದ್ದ ಮಾತುಗಳು ಬಹಳವಿದ್ದವು. ಹೇಳಿದ್ದು ಇಷ್ಟೇ: "ಅತ್ತೆ, ಆ ಅರ್ಧ ಗಂಟೆ ನೀವು ಕೊಟ್ಟಿದ್ದು. ನಾನು ಮರೆಯೋಲ್ಲ."

"ಮರೀಬೇಡ. ಉಪ್ಪನ್ನೂ ಮರೀಬೇಡ."

ಅಂದು ಸಂಜೆ ಅರ್ಜಿ ಅಂಚೆಗೆ ಬಿತ್ತು. ಏಪ್ರಿಲಿನ ಹಾಳೆಯಲ್ಲಿ ಅಡುಗೆಯ ಕೆಳಗೆ "ದಿನವೂ ಒಂದು ಹಿಡಿ ಕೊಸರು" ಎಂದು ಬರೆದಳು. ಸಂಸಾರದ ಕೆಳಗೆ "ಮಧ್ಯಾಹ್ನ ಅತ್ತೆ, ಮಾವ ಎದುರುಬದುರು." ಸ್ವಂತದ ಕೆಳಗಿನ ಓದು ಹಾಗೆಯೇ ಉಳಿಯಿತು, ಅದನ್ನು ಅಳಿಸಲು ಬಸವಲಿಂಗಮ್ಮ ಬಿಡಲಿಲ್ಲ. ಪೆನ್ಸಿಲಿನ ಕೆಂಪು ತುದಿಯನ್ನು ಗೌರೀಶಂಕರ, ತನಗೆ ಕರಡು ತಿದ್ದಲು ಬೇಕೆಂದು, ಮುರಿದುಕೊಂಡು ಹೋದ.

ಮೇ ಒಂದರ ಬೆಳಗ್ಗೆ ನಾಲ್ವರೂ ಡಿಪೋಗೆ ಬಂದಾಗ ಉಮಾಳ ಕೈಚೀಲದಲ್ಲಿ ಸಂದರ್ಶನದ ಕಾಗದವಿತ್ತು. ತಿಮ್ಮರಾಯಪ್ಪನಿಗೆ ತೋರಿಸಬೇಕೆಂದು ಮಾವನೇ ತರಿಸಿದ್ದರು. ಅವನು ಓದಿಸಿ ಕೇಳಿ, ಸಂತೋಷಪಟ್ಟು, ತಕ್ಕಡಿಯ ಹಲಗೆ ಒರೆಸಿದ. ಬಸವಲಿಂಗಮ್ಮ ಕಾಲೆತ್ತಿದ ಕೂಡಲೇ ಕೈ ಅಡ್ಡ ಹಿಡಿದ.

"ಅಮ್ಮಾವ್ರೇ, ಮೊದ್ಲು ಸೆರಗು ಒದರಿ. ಆಮೇಕೆ ಹತ್ತಿ."

ಬಸವಲಿಂಗಮ್ಮ ಸೆರಗನ್ನು ಎರಡು ಸಲ ಜೋರಾಗಿ ಒದರಿ, ಅವನ ಮುಖಕ್ಕೇ ಗಾಳಿ ಬೀಸಿ, ಹಲಗೆಯ ಮೇಲೆ ನೆಟ್ಟಗೆ ನಿಂತರು. ನಲವತ್ತೊಂಬತ್ತು ಬಂತು. ಉಮಾ ಕೈಚೀಲದಿಂದ ಪುಟ್ಟ ಪುಸ್ತಕ ತೆಗೆದು, ಅಂಕಿಯನ್ನು ಬರೆದುಕೊಂಡಳು.